ಆಳದ ತುದಿಯ ಅತ್ತಿಗೆ

ಹೊಲಿಗೆಯವರ ಬೀದಿಯಲ್ಲಿ ಎಲ್ಲರೂ ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಇದರಲ್ಲಿ ಸಂಬಂಧದ ಲೆಕ್ಕಾಚಾರವೇನೂ ಇರಲಿಲ್ಲ. ಅವರ ಮೈದುನ ಪಕ್ಕದ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಗೋಡೆಯಾಚೆಯಿಂದ “ಅತ್ತಿಗೆ, ಕತ್ತರಿ ಕೊಡಿ”, “ಅತ್ತಿಗೆ, ಟೀ ಬಂತಾ” ಎಂದು ಅವನು ಕೂಗುವುದನ್ನು ಕೇಳಿ ಕೇಳಿ ಬೀದಿಯ ಬಾಯಿಗೆಲ್ಲ ಅದೇ ಹೆಸರು ಕೂತುಬಿಟ್ಟಿತು. ಕೋಟು ಹೊಲಿಯುತ್ತಿದ್ದ, ಅವರ ತಂದೆಯ ವಯಸ್ಸಿನ ಕೋಟಿನ ಅಜ್ಜನೂ ಅತ್ತಿಗೆ ಎನ್ನುತ್ತಿದ್ದ. ಬೀದಿಯ ಮೂಲೆಯಲ್ಲಿ ಗುಂಡಿ, ಜಿಪ್ಪು, ದಾರ ಮಾರುತ್ತಿದ್ದ ನಾನೂ ಅತ್ತಿಗೆ ಎಂದೆ, ಅವರು ನನ್ನನ್ನು ಗುಂಡಿ ಎಂದರು. ಆಮೇಲೆ ಆ ಮೈದುನನನ್ನೇ ಮದುವೆಯಾಗಿ ಅವರಿಗೆ ಓರಗಿತ್ತಿಯಾದೆ. ನ್ಯಾಯವಾಗಿ ಅಕ್ಕ ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ.

ಗಿಡ್ಡ ಆಳು, ಚುರುಕು ಕೈ, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರಿಂದ ಅವರ ಮಾತೆಲ್ಲ ಹಲ್ಲಿನ ಸಂದಿಯಿಂದ ಸೋಸಿ ಬರುತ್ತಿತ್ತು. ಗಿರಾಕಿಗಳಿಗೆ ಅವರು ಬೈಯುತ್ತಿದ್ದಾರೋ ಅಳತೆ ಹೇಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯವರ ಬಿಳಿ ಕೋಟು, ಶಾಲೆಯ ಅಂಗಿ, ಕಿಟಕಿಯ ಪರದೆ, ದಿಂಬಿನ ಚೀಲ, ಹೀಗೆ ನೆಟ್ಟಗಿನ ಹೊಲಿಗೆ ಬೇಡುವ ಕೆಲಸವೆಲ್ಲ ಅವರ ಹತ್ತಿರ ಬರುತ್ತಿತ್ತು.

ಮೇಲ್ಸೇತುವೆಯೊಂದು ನಮ್ಮ ಬೀದಿಯ ಮೇಲೆ ಕಾಲೂರುತ್ತದೆ ಎಂಬ ಸುದ್ದಿಯನ್ನು ಯಾರೂ ನಂಬಿರಲಿಲ್ಲ. ಆ ಸೇತುವೆಯ ಮಾತು ನಾವು ಹುಟ್ಟುವ ಮೊದಲಿನಿಂದ ಇತ್ತು. ಮಾತಿನಲ್ಲೇ ಅದು ಎರಡು ಸಲ ಕಟ್ಟಿ ಬಿದ್ದೂ ಆಗಿತ್ತು. ಆದರೆ ಒಂದು ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದವನೊಬ್ಬ ಬಂದು ಪ್ರತಿ ಬಾಗಿಲಿಗೂ ಕೆಂಪು ಗೀಟು ಎಳೆಯುತ್ತ ಹೋದ. ನಾವೆಲ್ಲ ತಲೆಯ ಮೇಲೆ ಕೈ ಹೊತ್ತು ನಿಂತರೆ ಅತ್ತಿಗೆ ಅವನ ಹಿಂದೆಯೇ ಓಡಿದರು. ಬಣ್ಣ ಒಣಗುವವರೆಗೆ ಬಾಗಿಲಿಗೆ ನೇತುಹಾಕಿದ ಬಿಳಿ ಕೋಟುಗಳನ್ನು ಕಾಯುವವರು ಯಾರು ಎಂಬುದು ಅವರ ಜಗಳ. ಅಂಗಡಿ ಹೋಗುತ್ತದೆ ಎನ್ನುವುದು ಅವರ ತಲೆಗೆ ಇಳಿದದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ. ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು.

ಬದಲಿಗೆ ನಗರಸಭೆ ಕೊಟ್ಟ ಜಾಗ ನೀರ್ಮನೆ.

ನೀರ್ಮನೆ ಎಂದರೆ ಊರಿನ ಹಳೆಯ ಸಾರ್ವಜನಿಕ ಸ್ನಾನಗೃಹ. ಈ ಕಡೆಯ ಮನೆಗಳಿಗೆ ನಲ್ಲಿಯಿಲ್ಲದ ಕಾಲದಲ್ಲಿ, ಕಾರ್ಖಾನೆಯ ಕೆಲಸದವರೂ ಅವರ ಹೆಂಡತಿ ಮಕ್ಕಳೂ ವಾರಕ್ಕೊಮ್ಮೆಯಾದರೂ ಬಿಸಿನೀರು ಕಾಣಲಿ ಎಂದು ಕಟ್ಟಿಸಿದ್ದು. ಮುಂದೆ ಎರಡು ಕಮಾನು ಬಾಗಿಲು. ಒಂದರ ಮೇಲೆ ಗಂಡಸರು, ಇನ್ನೊಂದರ ಮೇಲೆ ಹೆಂಗಸರು ಎಂದು ಕಲ್ಲಿನಲ್ಲಿ ಕೊರೆದಿದ್ದಾರೆ. ಒಳಗೆ ಹೋದರೆ ಎರಡೂ ಒಂದೇ ಹಜಾರಕ್ಕೆ ಬಂದು ಸೇರುತ್ತವೆ. ನಡುವೆ ಗಾಜಿನ ಮಾಡಿನ ಕೆಳಗೆ ದೊಡ್ಡ ಈಜುಕೊಳ, ಸುತ್ತ ಜಗಲಿ, ಜಗಲಿಗೆ ಆತುಕೊಂಡು ಸಾಲಾಗಿ ತೊಟ್ಟಿಯ ಕೋಣೆಗಳು. ಮನೆ ಮನೆಗೆ ನಲ್ಲಿ ಬಂದ ಮೇಲೆ ತೊಟ್ಟಿಗಳಿಗೆ ಗಿರಾಕಿ ಕಡಿಮೆಯಾದರು. ಕೊಳದಲ್ಲಿ ಮಕ್ಕಳು ಇನ್ನೂ ಕೆಲವು ವರ್ಷ ಗದ್ದಲ ಮಾಡಿದರು. ಆಮೇಲೆ ಬಾಯ್ಲರು ಕೆಟ್ಟಿತು. ದುರಸ್ತಿಗಾಗಿ ಮುಚ್ಚಿದೆ ಎಂದು ಬಾಗಿಲಿಗೆ ಒಂದು ಹಲಗೆ ತೂಗುಹಾಕಿದರು. ಎಷ್ಟು ವರ್ಷ ತೂಗಿತೆಂದರೆ ಕೊನೆಗೆ ಹಲಗೆಗೇ ದುರಸ್ತಿ ಬೇಕಾಯಿತು. ಅಷ್ಟರಲ್ಲಿ ಹಿತ್ತಾಳೆಯ ಹಿಡಿಗಳಿಗೆಲ್ಲ ಕಾಲು ಬಂದು ನಡೆದುಹೋಗಿದ್ದವು. ನಗರಸಭೆ ಒಡೆದ ಬೀದಿದೀಪಗಳನ್ನು ತಂದು ಅಲ್ಲಿ ತುಂಬಿತು. ಯಾರೋ ಪುಣ್ಯಾತ್ಮ ತೊಟ್ಟಿಗಳಲ್ಲಿ ಅಣಬೆ ಬೆಳೆದ. ಕೊನೆಗೆ ಪಾರಿವಾಳಗಳಿಗೆ ಅದು ತವರುಮನೆಯಾಯಿತು.

ಕಟ್ಟಡದ ಉಸ್ತುವಾರಿ ಹೊತ್ತಿದ್ದ ಇಂಜಿನಿಯರು ಹುಡುಗಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದಳು. ಕಸ ಬಳಿಸಿದ್ದಳು, ಟೈಲ್ಸು ಉಜ್ಜಿಸಿದ್ದಳು. ಜಗಲಿಯ ನೆಲ ಅಷ್ಟು ಭಾರ ತಡೆಯುವುದಿಲ್ಲ, ಅದಕ್ಕೆ ಅಂಗಡಿಗಳೆಲ್ಲ ಕೊಳದ ಒಳಗೇ ಬರಬೇಕು ಎಂದು ಬಿಡಿಸಿ ಹೇಳಿದಳು. ಬಾಗಿಲ ಕಡೆಯ ತುದಿಯಲ್ಲಿ ನೀರು ಸೊಂಟದ ಮಟ್ಟಕ್ಕೆ ನಿಲ್ಲುತ್ತಿತ್ತಂತೆ. ಅಲ್ಲಿ ಮರದ ಮೆಟ್ಟಿಲು ಇಳಿಸಿದ್ದಳು. ಅಲ್ಲಿಂದ ನೆಲ ಇಳಿಜಾರಾಗುತ್ತ ಆ ತುದಿಗೆ ಹೋದರೆ ಗೋಡೆ ಎರಡಾಳು ಎತ್ತರ. ಅದರ ಮೇಲೆ ಹಿಂದೆ ಧುಮುಕುತ್ತಿದ್ದವರ ಸಿಮೆಂಟಿನ ಅಟ್ಟ. ಅಟ್ಟದ ಕೆಳಗೆ, ಗೋಡೆಯಲ್ಲಿ, ಬಾಯಿ ತೆರೆದ ಒಂದು ಕಲ್ಲಿನ ಮೀನು. ಅದರ ಬಾಯಿಂದ ಕೊಳಕ್ಕೆ ನೀರು ಬೀಳುತ್ತಿತ್ತು.

ಯಾರಿಗೆ ಯಾವ ಜಾಗ ಎಂದು ತೀರ್ಮಾನಿಸಲು ಕೋಟಿನ ಅಜ್ಜನ ಟೋಪಿಯಲ್ಲಿ ಚೀಟಿ ಹಾಕಿದೆವು. ನನಗೆ ಮೆಟ್ಟಿಲ ಬುಡದಲ್ಲೇ ಬಂತು, ಮೈದುನನಿಗೆ ನನ್ನ ಎದುರಿಗೆ. ಅತ್ತಿಗೆಗೆ ಆಳದ ತುದಿ, ಮೀನಿನ ಕೆಳಗೆ. ಗುಂಡಿ ಮಾರುವವಳು ಮೇಲೆ, ಬಟ್ಟೆ ಹೊಲಿಯುವವರು ಗುಂಡಿಯೊಳಗೆ ಎಂದು ಯಾರೋ ಹೇಳಿ ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ವಿಷಯ ನಮಗೆ ಗೊತ್ತಿರಲಿಲ್ಲ. ಸಣ್ಣವರಿದ್ದಾಗ ಬಟ್ಟೆ ಒಗೆಯುವ ಕಲ್ಲುತೊಟ್ಟಿಯಲ್ಲಿ ಅತ್ತಿಗೆ ಕಾಲು ಜಾರಿ ಬಿದ್ದಿದ್ದರಂತೆ. ಯಾರೋ ಜಡೆ ಹಿಡಿದು ಎಳೆದರಂತೆ. ಅಂದಿನಿಂದ ತುಂಬಿದ ಬಕೆಟ್ಟು ಕಂಡರೂ ಅವರು ಒಂದು ಹೆಜ್ಜೆ ದೂರ ನಿಲ್ಲುತ್ತಿದ್ದರು. ಮೈದುನ ಇದನ್ನು ಬಲ್ಲವನು. ಜಾಗ ಬದಲಾಯಿಸಿಕೊಳ್ಳೋಣ ಎಂದು ಅಲ್ಲೇ ಕೈ ಹಿಡಿದು ಕೇಳಿದ. ಚೀಟಿ ಎಂದರೆ ಚೀಟಿ, ಬೇಕಾದ್ದು ಬಂದರೆ ಮಾತ್ರ ಒಪ್ಪುವುದಾದರೆ ಟೋಪಿಗೆ ಯಾಕೆ ಕೈ ಹಾಕಬೇಕಿತ್ತು ಎಂದು ಅವರು ಅವನನ್ನೇ ಗದರಿಸಿದರು. ಹಟದಲ್ಲಿ ಅವರದು ಎತ್ತಿದ ಕೈ.

ಮನೆಯಲ್ಲಿ ಮಾತ್ರ ಬಾಯಿ ಬಿಟ್ಟರಂತೆ. ಅವರ ಗಂಡ ನಗರದ ಬಸ್ಸಿನ ಡ್ರೈವರು. ದಿನವಿಡೀ ಹಾರ್ನಿನಲ್ಲೇ ಮಾತಾಡಿ ಮುಗಿಸಿ ಮನೆಗೆ ಬರುತ್ತಿದ್ದ ಮನುಷ್ಯ. ಮನೆಗೆಂದು ಮಾತು ಉಳಿದಿರುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು, “ಅಲ್ಲಿ ಈಗ ನೀರಿಲ್ವಲ್ಲ” ಎಂದರು.

“ಇತ್ತಲ್ಲ” ಎಂದರು ಅತ್ತಿಗೆ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಉಂಟು. ನೀರೇ ಇಲ್ಲದ ಕಡೆ ಇಳಿದವರ ಚಳಿಗೆ ಗಾದೆಯಿಲ್ಲ. ಅತ್ತೆ ಮಾತ್ರ ಒಳಕೋಣೆಯಿಂದ ಎದ್ದು ಬಂದು, “ನೀರ್ಮನೆನಾ? ಅಲ್ಲಿ ಆರನೇ ನಂಬರಿನ ತೊಟ್ಟಿ ಇದೆಯಾ ಇನ್ನೂ?” ಎಂದು ಕೇಳಿದರಂತೆ. ವಯಸ್ಸಾದವರ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗೆ ನಾವೆಲ್ಲ ಕೊಳಕ್ಕೆ ಇಳಿದೆವು. ಒಳಗೆ ಬೆಳಕು ಚೆನ್ನಾಗಿತ್ತು, ಗಾಜಿನ ಮಾಡಲ್ಲವೇ. ಹೊಲಿಗೆಗೆ ಅಂಥ ಬೆಳಕು ಹಳೆಯ ಬೀದಿಯಲ್ಲಿ ಕನಸಿನಲ್ಲೂ ಇರಲಿಲ್ಲ. ಆದರೆ ಎರಡು ವಿಚಿತ್ರಗಳು ಮೊದಲ ವಾರದಲ್ಲೇ ಬಯಲಾದವು. ಒಂದು, ನಮ್ಮ ಕಡೆ ಏನು ಕೈ ಜಾರಿದರೂ ಅದು ನೇರ ಅತ್ತಿಗೆಯ ಕಾಲ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ದಾರದ ಉಂಡೆ, ಸೀಮೆಸುಣ್ಣ, ನನ್ನ ಗುಂಡಿಗಳಂತೂ ದಿನಕ್ಕೊಂದು ಹಿಡಿ. ಸಂಜೆ ಅವರು ಅದನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಇಳಿಜಾರು ಹತ್ತಿ ಬಂದು ಅವರವರ ಸೊತ್ತು ಅವರವರಿಗೆ ಹಂಚುತ್ತಿದ್ದರು. ಹಂಚುತ್ತ ಪ್ರತಿಯೊಬ್ಬರಿಗೂ ಒಂದೊಂದು ಬೈಗುಳ ಉಚಿತ.

ಇನ್ನೊಂದು, ಮಾತು. ಟೈಲ್ಸಿನ ಗೋಡೆಗಳ ಮಹಿಮೆ ಏನೋ, ಮೆಟ್ಟಿಲ ಹತ್ತಿರ ಪಿಸುಗುಟ್ಟಿದ್ದು ನಡುವೆ ಯಾರಿಗೂ ಕೇಳದೆ ಆಳದ ತುದಿಯಲ್ಲಿ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಇದು ಅತ್ತಿಗೆಗೆ ಮಾತ್ರ ಗೊತ್ತಿತ್ತು, ಅವರು ಹೇಳಲಿಲ್ಲ. ಮೈದುನನಿಗಾಗಲೀ ನನಗಾಗಲೀ ಗೊತ್ತಿರಲಿಲ್ಲ. ಅವನಿಗೆ ಆಗ ನಲವತ್ತು ದಾಟಿತ್ತು, ನನಗೆ ಹತ್ತಿರ. ಇಬ್ಬರೂ ಮದುವೆಯ ಬಸ್ಸು ತಪ್ಪಿಸಿಕೊಂಡು ನಿಲ್ದಾಣದಲ್ಲೇ ಮನೆ ಮಾಡಿಕೊಂಡಿದ್ದವರು. ಎದುರುಬದುರು ಅಂಗಡಿ; ಅವನು ಜಿಪ್ಪು ಕೇಳಲು ಬರುವುದು, ಕೆಟ್ಟಿಲ್ಲದ ಜಿಪ್ಪು ಬದಲಾಯಿಸಲು ಬರುವುದು, ಹೀಗೆ ಜಿಪ್ಪಿನ ಹಲ್ಲಿನಂತೆ ಒಂದೊಂದೇ ಮಾತು ಕೂಡಿಕೊಳ್ಳುತ್ತಿತ್ತು. ಹಿಂದಿನ ಜನ್ಮದಲ್ಲಿ ತಾನು ಗುಂಡಿ ತೂರುವ ಕಾಜವಾಗಿದ್ದಿರಬೇಕು ಎಂದು ಅವನು ಒಂದು ದಿನ ಮೆಲ್ಲಗೆ ಹೇಳಿದ. ನನಗೆ ನಗು ಬಂತು. ಉತ್ತರ ಹೇಳುವ ಮೊದಲೇ ಕೊಳದ ಆ ತುದಿಯಿಂದ ಹಲ್ಲಿನ ಸಂದಿಯ ದನಿ ಬಂತು:

“ಹೂಂ ಅನ್ನು ಗುಂಡಿ, ಇನ್ನೆಷ್ಟು ದಿನ ಕಾಯಿಸ್ತೀಯ. ನನಗೂ ಕೇಳಿ ಕೇಳಿ ಸಾಕಾಗಿದೆ.”

ಇಡೀ ಕೊಳ ಮೆಷಿನ್ನು ನಿಲ್ಲಿಸಿತು. ನಾನು ಹೂಂ ಎಂದೆ. ಅಷ್ಟು ಜನರ ಮುಂದೆ ಬೇರೆ ಏನೆನ್ನಲಿ? ಮುಂದಿನ ತಿಂಗಳು ಮದುವೆಯಾಯಿತು. ಗಂಡಿನ ಕೋಟು ಅಜ್ಜನದು, ಹೆಣ್ಣಿನ ಬಟ್ಟೆ ಅತ್ತಿಗೆಯದು, ಗುಂಡಿ ನನ್ನದೇ.

ನಮಗೆ ಒಳ್ಳೆಯದಾಯಿತು, ಅತ್ತಿಗೆಗೆ ಆಗಲಿಲ್ಲ. ಅವರ ಗಿರಾಕಿಗಳಲ್ಲಿ ಮಂಡಿನೋವಿನವರೇ ಹೆಚ್ಚು. ಮೆಟ್ಟಿಲು ಇಳಿಯುವಷ್ಟರಲ್ಲಿ ಸುಸ್ತು, ಅಲ್ಲಿಂದ ಇಳಿಜಾರು ಕಂಡೊಡನೆ ಕಾಲು ಹಿಂದೇಟು. ಮೆಟ್ಟಿಲ ಬುಡದಲ್ಲೇ ಬೇರೆಯವರಿಗೆ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಅತ್ತಿಗೆಯ ವ್ಯಾಪಾರ ಮುಳುಗಿತು ಎಂದು ಜನ ತಮಾಷೆ ಮಾಡಿದ್ದು ಮೊದಲು. ಆಮೇಲೆ ಅದು ನಿಜವಾಗತೊಡಗಿದಾಗ ತಮಾಷೆ ನಿಂತಿತು. ಅವರು ಕೂರುತ್ತಿದ್ದ ರೀತಿಯೂ ನೋಡಲು ಕಷ್ಟವಾಗುತ್ತಿತ್ತು. ಬೆನ್ನು ಗೋಡೆಗೆ ಒತ್ತಿ, ನಡುನಡುವೆ ಮೆಷಿನ್ನು ನಿಲ್ಲಿಸಿ ತಲೆಯೆತ್ತಿ ಕೊಳದ ಅಂಚನ್ನು ನೋಡುವುದು. ನೀರು ತನ್ನ ಜಾಗ ಮರೆಯುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದರು. ಮೀನಿನ ಬಾಯಿಗೆ ಅಳತೆಯ ಟೇಪುಗಳನ್ನೆಲ್ಲ ತುರುಕಿಟ್ಟಿದ್ದರು. ಟೇಪು ಇಡಲು ಅನುಕೂಲ ಎಂದು ಹೊರಗೆ ಹೇಳುತ್ತಿದ್ದರು. ಬಾಯಿ ಮುಚ್ಚಿಸಲು ಎಂದು ನನಗೆ ಗೊತ್ತಿತ್ತು.

ಆ ದಿನಗಳಲ್ಲೇ ಅತ್ತೆ ಹಟ ಹಿಡಿದು ನೀರ್ಮನೆಗೆ ಬಂದರು. ದೊಡ್ಡ ಮಗನ ಬಸ್ಸಿನಲ್ಲೇ ಬಂದು, ಬಾಗಿಲಲ್ಲಿ ಇಳಿದು, ಹೆಂಗಸರು ಎಂದು ಬರೆದ ಬಾಗಿಲಿನಿಂದಲೇ ಒಳಗೆ ಕಾಲಿಟ್ಟರು. ನಮ್ಮ ಅಂಗಡಿಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಜಗಲಿಯ ಸಾಲಿನಲ್ಲಿ ಬಾಗಿಲು ಎಣಿಸುತ್ತ ಹೋಗಿ ಆರನೆಯದರ ಮುಂದೆ ನಿಂತರು. ಗಿರಾಕಿಗಳು ಬಟ್ಟೆ ಹಾಕಿ ನೋಡುವುದಕ್ಕೆಂದು ಆ ಕೋಣೆಗಳನ್ನು ಬಿಟ್ಟಿದ್ದರು. ಒಳಗೆ ಹಳೆಯ ತೊಟ್ಟಿ, ಪಕ್ಕದಲ್ಲಿ ಕನ್ನಡಿ. ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಬಹಳ ಹೊತ್ತಾದರೂ ಬರಲಿಲ್ಲ. ಹೊಸ ಪ್ಯಾಂಟು ಕೈಯಲ್ಲಿ ಹಿಡಿದ ಗಿರಾಕಿಯೊಬ್ಬ ಹೊರಗೆ ಕಾಯುತ್ತ ನಿಂತಿದ್ದ. ಅತ್ತಿಗೆಗೆ ಗಾಬರಿಯಾಗಿ ಮೇಲೆ ಹತ್ತಿ ಬಂದು ಬಾಗಿಲ ಸಂದಿಯಲ್ಲಿ ಇಣುಕಿದರು. ಅತ್ತೆ ಚಪ್ಪಲಿ ಬಿಟ್ಟು, ಒಣಗಿದ ತೊಟ್ಟಿಯೊಳಗೆ ಕಾಲು ನೀಡಿ, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಕೂತಿದ್ದರು. ಅತ್ತಿಗೆ ಬಾಗಿಲು ತಟ್ಟಲಿಲ್ಲ. ಆ ಗಿರಾಕಿಯನ್ನು ಏಳನೇ ಕೋಣೆಗೆ ಕಳಿಸಿ, ತಾವು ಅಲ್ಲೇ ಕಾವಲು ನಿಂತರು.

ಹೊರಗೆ ಬಂದ ಅತ್ತೆ ಹೇಳಿದ್ದು ಇಷ್ಟು: ಎರಡೇ ಕೋಣೆಯ ಮನೆ, ಆರು ಮಕ್ಕಳು, ಮಾವ, ಇಬ್ಬರು ನಾದಿನಿಯರು. ವಾರಕ್ಕೊಂದು ಸಲ ಇಲ್ಲಿಗೆ ಬಂದಾಗ ಮಾತ್ರ ಒಂದು ಬಾಗಿಲ ಹಿಂದೆ ಒಬ್ಬಳೇ ಕೂರುವುದು. ಮೈ ತೊಳೆಯುವುದು ನೆಪ. ಆದರೆ ಹೊರಗೆ ಒಬ್ಬ ಹೆಂಗಸು ನಿಂತಿರುತ್ತಿದ್ದಳು, ಸ್ವಲ್ಪ ಹೊತ್ತಾದರೆ ಸಾಕು ಕೋಲಿನಲ್ಲಿ ಬಾಗಿಲು ಬಡಿಯುವವಳು.

“ಇವತ್ತು ಯಾರೂ ಬಡೀಲಿಲ್ಲ ನೋಡು” ಎಂದರು ಅತ್ತೆ. “ನೀನು ಅದೃಷ್ಟವಂತೆ. ಇಷ್ಟು ದೊಡ್ಡ ಮನೇಲಿ ಆ ಕೊನೇಲಿ ಒಬ್ಬಳೇ ಕೂತಿದ್ದೀಯ.”

ಮರುದಿನದಿಂದ ಅತ್ತಿಗೆ ಬೆನ್ನು ಗೋಡೆಗೆ ಒತ್ತಿ ಕೂರುವುದನ್ನು ಬಿಟ್ಟರು. ಮೆಷಿನ್ನನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ತಲೆಯೆತ್ತಿ ನೋಡುವುದು ಮಾತ್ರ ಹೋಗಲಿಲ್ಲ.

ಕೆಲವು ವಾರಗಳ ಮೇಲೆ ನಾಟಕಮಂದಿರದವನು ಬಂದ. ಊರಿನ ಹಳೆಯ ರಂಗಮಂದಿರದ ಮೇಲ್ವಿಚಾರಕ. ಅವರ ದೊಡ್ಡ ಪರದೆಯನ್ನು ಇಲಿಗಳು ತಿಂದು ಮುಗಿಸಿದ್ದವು, ಹೊಸದು ಹೊಲಿಸಬೇಕಿತ್ತು. ಮಖಮಲ್ಲು ಬಟ್ಟೆ ಬಂದು ಬಿದ್ದಿತ್ತು, ಹೊಲಿಯುವವರು ಸಿಕ್ಕಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಅವನು ನಮ್ಮವರೊಂದಿಗೆ, ಎಂದರೆ ಆ ಮೈದುನನೊಂದಿಗೆ, ಗೋಳು ಹೇಳಿಕೊಂಡ. ಅಂಥ ಭಾರದ ಬಟ್ಟೆಯನ್ನು ನೆಲದ ಮೇಲೆ ಹಾಸಿ ಹೊಲಿದರೆ ನಂಬುವ ಹಾಗಿಲ್ಲ. ನೇತುಹಾಕಿದೊಡನೆ ತನ್ನ ಭಾರಕ್ಕೆ ತಾನೇ ಜಗ್ಗಿ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. ನೇತುಹಾಕಿಯೇ ಅಂಚು ಕಟ್ಟಬೇಕು. ಮೂರಾಳೆತ್ತರದ ಪರದೆಯನ್ನು ನೇತುಹಾಕುವಷ್ಟು ಎತ್ತರದ ದರ್ಜಿ ಅಂಗಡಿ ಯಾವ ಊರಲ್ಲಿದೆ? ನಮ್ಮವರು ತಮ್ಮ ತಲೆಯ ಮೇಲೆ ಒಂದು ಸಲ, ಇಳಿಜಾರಿನ ಕಡೆ ಒಂದು ಸಲ ನೋಡಿದರು. ಅವರಿಗೆ ಹೊಳೆಯುವ ಮೊದಲೇ ಆ ತುದಿಯಿಂದ ದನಿ ಬಂತು.

“ಇಲ್ಲಿ ತನ್ನಿ.”

ಅವನು ಇಳಿದು ಹೋಗಿ ನೋಡಿದ. ಕೊಳದ ತಳದಿಂದ ಧುಮುಕುವ ಅಟ್ಟದ ಕಂಬಿಯವರೆಗೆ ಅತ್ತಿಗೆ ಕಣ್ಣಲ್ಲೇ ಅಳೆದು ಆಗಿತ್ತು. ಮೀನಿನ ಬಾಯಿಂದ ಟೇಪು ಎಳೆದು ನಿಜವಾಗಿಯೂ ಅಳೆದು ತೋರಿಸಿದರು. ಸರಿಯಾಗಿ ಮೂರಾಳು, ಮೇಲೆ ಒಂದು ಮೊಳ. ಅವನು ಕೈ ಮುಗಿಯುವುದೊಂದು ಬಾಕಿ.

ಮಖಮಲ್ಲು ಬಂದ ದಿನ ನೀರ್ಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ದ್ರಾಕ್ಷಿ ಬಣ್ಣದ ಬಟ್ಟೆ, ಸುರುಳಿ ಸುತ್ತಿದರೆ ಆನೆಯ ಸೊಂಡಿಲು. ದರ್ಜಿಗಳೆಲ್ಲ ಹೆಗಲು ಕೊಟ್ಟು ಮೆಟ್ಟಿಲು ಇಳಿಸಿದರು, ಕೋಟಿನ ಅಜ್ಜ ಮುಂದೆ ನಡೆಯುತ್ತ ಯಾರೂ ಕೇಳದ ಆಜ್ಞೆಗಳನ್ನು ಕೊಟ್ಟ. ಅತ್ತಿಗೆ ಪಟ್ಟಿ ಪಟ್ಟಿ ಸೇರಿಸಿ ಹೊಲಿದರು. ಅರ್ಧ ಪರದೆ ಮುಗಿದಾಗ ಅಟ್ಟದ ಕಂಬಿಗೆ ಹಗ್ಗ ಹಾಕಿ ಏರಿಸಿದೆವು. ಅದು ಬಿಚ್ಚಿಕೊಂಡು ಇಳಿದಾಗ ಗದ್ದಲ ತಾನಾಗಿ ನಿಂತಿತು. ಗಾಜಿನ ಮಾಡಿನ ಬೆಳಕು ಮಡಿಕೆ ಮಡಿಕೆಯಲ್ಲಿ ಇಳಿಯುತ್ತಿತ್ತು. ಅದರ ಬುಡದಲ್ಲಿ ಗಿಡ್ಡ ಅತ್ತಿಗೆ, ಬಾಯಲ್ಲಿ ಎರಡು ಸೂಜಿ, ಅಂಚು ಹಿಡಿದು ಮಂಡಿಯೂರಿದ್ದರು. ಅದರಿಂದಾಚೆ ಕೊಳದ ಅಂಚೂ ಅವರಿಗೆ ಕಾಣುತ್ತಿರಲಿಲ್ಲ. ತಲೆಯೆತ್ತಿದರೆ ಪರದೆ ಮಾತ್ರ.

ಕೆಲಸ ಮುಗಿಯಲು ಇನ್ನೇನು ಎರಡು ದಿನ ಎನ್ನುವಾಗ, ಮಧ್ಯಾಹ್ನ, ಕೊಳಾಯಿಯವನು ಬಂದ. ಜಗಲಿಯಲ್ಲಿ ಟೀ ಅಂಗಡಿಗೆ ನಲ್ಲಿ ಎಳೆಯುವುದು ಅವನ ಕೆಲಸ. ಹಿಂದಿನ ಬಾಯ್ಲರು ಕೋಣೆಗೆ ಹೋಗಿ, ಯಾವ ಪೈಪು ಯಾವುದೆಂದು ತಿಳಿಯದೆ, ಕೈಗೆ ಸಿಕ್ಕ ಚಕ್ರವೊಂದನ್ನು ತಿರುಗಿಸಿದ.

ನಾನು ಆಗ ಅತ್ತಿಗೆಗೆ ದಾರ ಕೊಡಲು ಕೆಳಗೆ ಹೋಗಿದ್ದೆ. ಮೀನು ಕೆಮ್ಮಿತು. ನಿಜವಾಗಿಯೂ ಕೆಮ್ಮಿತು, ಅಜ್ಜಂದಿರು ಬೆಳಿಗ್ಗೆ ಕೆಮ್ಮುವ ಹಾಗೆ. ಟೇಪುಗಳೆಲ್ಲ ಒಟ್ಟಿಗೆ ಹಾರಿ ಬಿದ್ದವು, ಹಿಂದೆಯೇ ತುಕ್ಕು, ಒಂದಿಷ್ಟು ಪಾರಿವಾಳದ ಗರಿ, ಆಮೇಲೆ ಪರದೆಗೆ ತಾಗದೆ ಗೋಡೆಗಂಟಿ ಬಿದ್ದ ತೊಡೆಯ ದಪ್ಪದ ನೀರು. ಅತ್ತಿಗೆ ಎದ್ದು ನಿಂತರು. ಇಷ್ಟು ದಿನ ಕಾಯುತ್ತಿದ್ದ ನೆಂಟರು ಬಾಗಿಲಿಗೆ ಬಂದಾಗ ನೋಡುವ ಹಾಗೆ ಅದನ್ನು ನೋಡಿದರು.

ಇಳಿಜಾರಿನ ಪ್ರತಾಪ, ಬಿದ್ದ ನೀರು ಅಲ್ಲೇ ನಿಂತು ಏರತೊಡಗಿತು. ಪಾದ ಮುಳುಗಿತು, ಕಣಕಾಲು ಮುಳುಗಿತು. ಮೇಲಿನವರೆಲ್ಲ ಒಣನೆಲದಲ್ಲಿ ನಿಂತು ಅಯ್ಯೋ ಎನ್ನುತ್ತಿದ್ದರು. ಕೊಳಾಯಿಯವನು ಓಡಿ ಬಂದ. ಅವನ ಕೈಯಲ್ಲಿ ಚಕ್ರವಿತ್ತು. ಕಿತ್ತು ಬಂದುಬಿಟ್ಟಿತು ಎಂದು ಸಾಕ್ಷಿಗೆ ಎತ್ತಿ ತೋರಿಸಿದ. ಬೀದಿಯಲ್ಲಿ ದೊಡ್ಡ ಪೈಪು ಬಂದ್ ಮಾಡಬೇಕಂತೆ, ಅದರ ಕೀಲಿ ಆಫೀಸಿನಲ್ಲಂತೆ.

ಅತ್ತಿಗೆ ಹೊರಟು ಹೋಗಬಹುದಿತ್ತು. ಹೋಗುತ್ತಾರೆಂದೇ ನಾನೂ ಅಂದುಕೊಂಡೆ. ಆದರೆ ಪರದೆಯ ಅಂಚು ನೀರಿಗೆ ಇನ್ನು ನಾಲ್ಕು ಬೆರಳು. ಮಖಮಲ್ಲು ನೀರು ಕುಡಿದರೆ ಮುಗಿಯಿತು, ಕಲೆ ಹೋಗುವುದಿಲ್ಲ, ನೂಲು ಮೇಲಕ್ಕೆ ನೀರು ಹೀರುತ್ತ ಹೋಗುತ್ತದೆ. ಅವರು ಬುಡವನ್ನು ಎರಡೂ ತೋಳಿನಲ್ಲಿ ಬಾಚಿ ಕತ್ತರಿಸುವ ಮೇಜಿನ ಮೇಲೆ ಹೇರಿದರು. ಬಟ್ಟೆ ಜಾರಿ ಜಾರಿ ಇಳಿಯುತ್ತಿತ್ತು.

“ಗುಂಡಿ, ಮೇಲೆ ಹತ್ತು. ಇದನ್ನ ಅಪ್ಪಿ ಹಿಡ್ಕೋ, ಬಿಡಬೇಡ.”

ನಾನು ಮೇಜು ಹತ್ತಿ ಅಪ್ಪಿಕೊಂಡೆ. ನಮ್ಮವರೂ ಇನ್ನಿಬ್ಬರೂ ಅಟ್ಟ ಹತ್ತಿ ಹಗ್ಗ ಜಗ್ಗಲು ಓಡಿದರು. ಅತ್ತಿಗೆ ನೀರಿನಲ್ಲಿ ನಿಂತೇ ಯೋಚಿಸುತ್ತಿದ್ದರು. ನೀರು ಮಂಡಿಗೆ ಬಂದಿತ್ತು. ಮೆಷಿನ್ನಿನ ಕಾಲ ಬಳಿ ನೀರು ಇಳಿದುಹೋಗುವ ಒಂದು ಕಬ್ಬಿಣದ ಜಾಲರಿ ಇದ್ದದ್ದು, ಕಸ ಗುಡಿಸುವಾಗಲೆಲ್ಲ ಪೊರಕೆ ಅದಕ್ಕೆ ಸಿಕ್ಕಿಕೊಳ್ಳುತ್ತಿದ್ದದ್ದು ಅವರಿಗೆ ನೆನಪಾಗಿರಬೇಕು. ಬಗ್ಗಿದರು. ಸಾಲಲಿಲ್ಲ. ಮಂಡಿಯೂರಿದರು. ನೀರು ಎದೆಗೆ ಬಂತು. ಮುಖವನ್ನು ಆ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲವರೆಗೆ ತೋಳು ಒಳಗೆ ಹಾಕಿದರು. ಕಿವಿ ಮುಳುಗಿತು. ಬಾಯಲ್ಲಿ ಸೂಜಿ ಇನ್ನೂ ಇತ್ತು.

ಎಳೆದಾಗ ಬಂದದ್ದು ಹಾವಿನಂಥ ಒಂದು ಹುರಿ. ಕೊಳದ ದರ್ಜಿಗಳೆಲ್ಲರ ದಾರದ ತುಂಡು, ಬಟ್ಟೆಯ ನಾರು, ಕೂದಲು, ಎಲ್ಲ ಹೆಣೆದುಕೊಂಡು ತೋಳಿನುದ್ದ ಬಂತು. ಎಲ್ಲ ಬಣ್ಣವೂ ಅದರಲ್ಲಿತ್ತು. ಅದು ಕಿತ್ತು ಬಂದೊಡನೆ ತಳದಿಂದ ಗೊಟಕ್ ಎಂದು ಒಂದು ಸದ್ದು, ಆಮೇಲೆ ಗಳಗಳ. ಮೀನು ಸುರಿಯುತ್ತಲೇ ಇತ್ತು, ಜಾಲರಿ ಕುಡಿಯುತ್ತಲೇ ಇತ್ತು. ಎರಡಕ್ಕೂ ಸಮಬಲದ ಕುಸ್ತಿ ನಡೆದು ಕೊನೆಗೆ ಜಾಲರಿ ಗೆದ್ದಿತು. ಮೇಲೆ ನಮ್ಮವರು ಹಗ್ಗ ಜಗ್ಗಿ ಪರದೆಯನ್ನು ಒಂದು ಮೊಳ ಏರಿಸಿದ್ದರು. ಇಂಜಿನಿಯರು ಹುಡುಗಿ ಆಫೀಸಿನಿಂದ ಕೀಲಿ ಹಿಡಿದು ಓಡಿ ಬಂದು ಬೀದಿಯ ಪೈಪು ಬಂದ್ ಮಾಡಿಸುವಷ್ಟರಲ್ಲಿ ನೀರು ಮತ್ತೆ ಕಣಕಾಲಿಗೆ ಇಳಿದಿತ್ತು.

ನಾವು ಅತ್ತಿಗೆಯನ್ನು ಮೆಟ್ಟಿಲ ಮೇಲೆ ಕೂರಿಸಿ, ಹೊಲಿಯಲು ಬಂದಿದ್ದ ಯಾರದೋ ಕೋಟು ಹೊದಿಸಿ, ಟೀ ಕೊಟ್ಟೆವು. ಅವರು ಸೂಜಿ ತೆಗೆದು ಟೀ ಕುಡಿದರು. ಆಮೇಲೆ ಹೇಳಿದರು:

“ಬರೋದು ಬಂತು. ಇಷ್ಟೇನಾ?”

ಸ್ವಲ್ಪ ಹೊತ್ತು ನಕ್ಕರು, ಸ್ವಲ್ಪ ಹೊತ್ತು ಅತ್ತರು. ಪರದೆಯ ಅಂಚು ಒಂದು ಕಡೆ ಅಂಗೈಯಗಲ ಒದ್ದೆಯಾಗಿತ್ತು. ಅಷ್ಟನ್ನು ಒಳಕ್ಕೆ ಮಡಿಚಿ ಹೊಲಿದರು. ಹೇಳಿದರೂ ಕಾಣುವುದಿಲ್ಲ.

ರಂಗಮಂದಿರದವರು ಹೊಸ ಪರದೆಯ ಮೊದಲ ನಾಟಕಕ್ಕೆ ನಮ್ಮನ್ನೆಲ್ಲ ಕರೆದು ಮುಂದಿನ ಸಾಲಿನಲ್ಲೇ ಕೂರಿಸಿದರು. ಅತ್ತಿಗೆ ಅದಕ್ಕೂ ಮೊದಲು ನಾಟಕ ನೋಡಿದವರಲ್ಲ. ದೀಪ ಬಿದ್ದು ದ್ರಾಕ್ಷಿ ಬಣ್ಣ ಹೊಳೆದಾಗ ಜನ ಓಹೋ ಎಂದರು. ಅತ್ತಿಗೆ ನೆಟ್ಟಗೆ ಕೂತು ಎಡದಿಂದ ಬಲಕ್ಕೆ ಒಂದೊಂದೇ ಮಡಿಕೆ ನೋಡುತ್ತ ಹೊರಟರು. ಅರ್ಧಕ್ಕೆ ಬಂದಿದ್ದರು, ಗಂಟೆ ಬಾರಿಸಿತು, ಪರದೆ ಎರಡು ಕಡೆಗೆ ಸರಿದು ಮರೆಯಾಯಿತು.

“ಇದೇನಿದು” ಎಂದರು ನನ್ನ ಕಿವಿಯಲ್ಲಿ. “ಅಷ್ಟು ಕಷ್ಟಪಟ್ಟು ಹೊಲಿದಿದ್ದನ್ನ ಎಳೆದು ಮೂಲೆಗೆ ಹಾಕ್ತಾರಾ?”

ನಾಟಕ ಏನೆಂದು ಅವರು ಗಮನಿಸಲಿಲ್ಲ. ರಾಜನೊಬ್ಬ ಸತ್ತದ್ದೂ ಅವರಿಗೆ ಗೊತ್ತಿಲ್ಲ. ಮಧ್ಯಂತರಕ್ಕೆ ಪರದೆ ಮತ್ತೆ ಬಂದಾಗ ಎಲ್ಲರೂ ಹೊರಗೆ ಎದ್ದು ಹೋದರು, ಅವರು ಕೂತೇ ಇದ್ದರು. ಪಕ್ಕದಲ್ಲಿ ಅವರ ಗಂಡನೂ ಕೂತರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಬಗ್ಗಿ, ಈ ಪರದೆ ಎಲ್ಲಿ ಮಾಡಿಸಿದ್ದು ಗೊತ್ತೇ, ನಮ್ಮ ಕಾಲೇಜಿನ ಸಭಾಂಗಣಕ್ಕೂ ಬೇಕು ಎಂದು ಯಾರನ್ನೋ ಕೇಳುತ್ತಿದ್ದಳು. ಡ್ರೈವರು ತಿರುಗಿ, ಇವಳು ಹೊಲಿದದ್ದು ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಬಟ್ಟೆ ಎಷ್ಟು ಭಾರ, ಅಂಚು ಹೇಗೆ ಕಟ್ಟಿದ್ದು, ನೀರು ಹೇಗೆ ಬಂತು, ಇವಳು ಹೇಗೆ ಕೈ ಹಾಕಿದಳು, ಎಲ್ಲ ಹೇಳಿದರು. ಮಧ್ಯಂತರ ಮುಗಿದು ಗಂಟೆ ಬಾರಿಸಿದರೂ ಹೇಳುತ್ತಿದ್ದರು. ಅತ್ತಿಗೆ ಪರದೆ ನೋಡುವುದನ್ನು ಬಿಟ್ಟು ಗಂಡನನ್ನೇ ನೋಡುತ್ತಿದ್ದರು.

ಆಮೇಲೆ ಕಾಲೇಜಿನದು ಬಂತು, ಸಿನಿಮಾ ಮಂದಿರದ್ದು ಬಂತು, ಸರ್ಕಸ್ಸಿನವರ ಡೇರೆಯ ಬಾಗಿಲು ಕೂಡ ಬಂತು. ಕೋಟಿನ ಅಜ್ಜ ಕೆಲಸ ಬಿಟ್ಟಾಗ ಮೆಟ್ಟಿಲ ಹತ್ತಿರದ ಅವನ ಜಾಗ ಅತ್ತಿಗೆಗೆ ಕೊಡುವ ಮಾತಾಯಿತು. ಅಲ್ಲಿ ಕರವಸ್ತ್ರ ಹೊಲಿಯುವುದಾ ಎಂದು ಅವರು ಕೇಳಿದರು. ಈಗ ಅವರ ಕೈಕೆಳಗೆ ಇಬ್ಬರು ಹೆಂಗಸರಿದ್ದಾರೆ. ಮೊನ್ನೆ ಬಂದದ್ದು ಕಡಲಿನಂಥ ನೀಲಿ, ಸಂಗೀತಶಾಲೆಯದು. ಇವತ್ತು ಬೆಳಿಗ್ಗೆ ಏರಿಸಿದ್ದೇವೆ, ನಮ್ಮವರು ಅಟ್ಟದ ಮೇಲಿದ್ದಾರೆ, ಹಗ್ಗ ಇನ್ನೂ ಬಿಗಿದು ಕಟ್ಟಿಲ್ಲ. ಎಡಗಡೆ ಒಂದು ಬೆರಳು ಇಳಿದಿದೆಯಂತೆ. ನನ್ನನ್ನು ಕರೆಯುತ್ತಿದ್ದಾರೆ, ಹೋಗಬೇಕು.